ಸೋರುವ ಕಾರಿನ ಕೆಳಗೆ ಹಾಸಿದ ಧೋತರ

ರಿಪೇರಿಗೆ ಬಿದ್ದದ್ದು ಹನ್ನೊಂದು ರೂಪಾಯಿ ನಾಲ್ಕಾಣೆ. ಲೇಥಿನ ಕೆಲಸಕ್ಕೆ ಆರು ರೂಪಾಯಿ, ಟಾಂಗಾ ಕುದುರೆಯ ಬೆನ್ನಿಗೆ ಹಾಸುವ ಉಣ್ಣೆಯ ನಮದಾದ ತುಂಡಿಗೆ ಒಂದು ರೂಪಾಯಿ, ಮೂರು ಪೆನ್ಸಿಲ್ಲಿಗೆ ನಾಲ್ಕಾಣೆ, ಪ್ಯಾಕಿಂಗ್ ಕಾಗದಕ್ಕೆ ಎಂಟಾಣೆ, ತೊಳೆಯಲು ಸೀಮೆಎಣ್ಣೆ ಒಂದು ರೂಪಾಯಿಯದು, ಉಳಿದ ಎರಡೂವರೆ ರೂಪಾಯಿ ಮೇಸ್ತ್ರಿ ಮೌಲಾಸಾಬನ ಐದು ದಿನದ ಚಹಾ, ಮಿರ್ಚಿಗೆ. ಇದನ್ನು ಮೊದಲೇ ಯಾಕೆ ಹೇಳುತ್ತೇನೆಂದರೆ, ಈ ಹನ್ನೊಂದೂಕಾಲು ರೂಪಾಯಿ ಖರ್ಚು ಮಾಡಲು ಒಲ್ಲದ ಒಬ್ಬ ಮನುಷ್ಯ ಒಂದೇ ಕಾರನ್ನು ಮೂವರಿಗೆ ಮಾರಿದ. ಮೂರನೆಯವನು ನಾನು. ಇದರ ಹೊರತು ಇನ್ನೊಂದು ಖರ್ಚೂ ಆಯಿತು. ಅದನ್ನು ಕೊನೆಗೆ ಹೇಳುತ್ತೇನೆ. ಅದನ್ನು ಕೊಟ್ಟದ್ದಕ್ಕೆ ನನಗೆ ಇವತ್ತಿಗೂ ಸಂಕಟವಿಲ್ಲ.

ಕಳೆದ ತಿಂಗಳು ಬೈರಿದೇವರಕೊಪ್ಪದಿಂದ ಒಬ್ಬರು ಫೋನು ಮಾಡಿದರು. ಬ್ಯಾಂಕಿನಿಂದ ನಿವೃತ್ತರಾದವರು, ನಮ್ಮ ಅಂಗಡಿಯ ಹಳೆಯ ಗಿರಾಕಿ. ಶೋಕಿಗೆಂದು ಎರಡನೆಯ ಮಹಾಯುದ್ಧಕ್ಕಿಂತ ಮುಂಚಿನದೊಂದು ಕಾರು ಕೊಂಡಿದ್ದರು. "ಕಾಕಾ, ಇಂಜಿನ್ ಮುಂದ ಎಣ್ಣಿ ಹನಿಸಾಕತ್ತೈತ್ರಿ. ಮೂರು ಮಂದಿ ಮೇಸ್ತ್ರಿಗೋಳು ನೋಡಿ ಕೈ ಚೆಲ್ಲ್ಯಾರ. ನೀವೊಮ್ಮೆ ಬರ್ರಿ" ಎಂದರು. ಹೋದೆ. ಬಾನೆಟ್ ಎತ್ತಿಸಿ ಹತ್ತು ನಿಮಿಷ ಇಂಜಿನ್ ಓಡಿಸಿದಾಗ, ಫ್ಯಾನಿನ ಬೆಲ್ಟಿಗೆ ಬಿದ್ದ ಬಿಸಿ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಸುಟ್ಟ ರಬ್ಬರು, ಅದರ ಹಿಂದೆ ಸೀದ ಒಗ್ಗರಣೆಯಂಥ ಘಾಟು. ಕೈಯಲ್ಲಿದ್ದ ಕೋಲನ್ನು ಗೋಡೆಗೆ ಆನಿಸಿ ಇನ್ನಷ್ಟು ಬಗ್ಗಿದೆ. ಆ ವಾಸನೆಗೂ ನನಗೂ ಹಳೆಯ ಹಗೆ.

ಹುಬ್ಬಳ್ಳಿ, ಧಾರವಾಡ ಎರಡೂ ಕೂಡಿ ಒಂದೇ ನಗರಪಾಲಿಕೆ ಆದ ವರ್ಷ ಅದು. ಆಗ ಈ ಬೈರಿದೇವರಕೊಪ್ಪ ದಾರಿಯ ಪಕ್ಕದ ಹಳ್ಳಿ. ಎರಡೂ ಕಡೆ ಕಪ್ಪು ಹೊಲ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಬಾಯಿ ತೆರೆದಿರುತ್ತಿದ್ದವು. ನನಗೆ ಇಪ್ಪತ್ತಾರು ವರ್ಷ. ಗದಗ ಲೈನಿನ ಖಾಸಗಿ ಬಸ್ಸಿನಲ್ಲಿ ಏಳು ವರ್ಷ ದುಡಿದಿದ್ದೆ, ಮೊದಲು ಕ್ಲೀನರ್, ಆಮೇಲೆ ಡ್ರೈವರ್. ಟೈರು, ಬೇರಿಂಗು ಏನೇ ಕೊಳ್ಳುವುದಿದ್ದರೂ ಮಾಲೀಕರು ನನ್ನನ್ನೇ ಕಳಿಸುತ್ತಿದ್ದರು. ನಾನು ಹೋದರೆ ಹತ್ತು ರೂಪಾಯಿಯಲ್ಲಿ ಎರಡು ಉಳಿಯುತ್ತಿತ್ತು. ಹೆರವರ ದುಡ್ಡಿಗಾಗಿ ಚೌಕಾಶಿ ಮಾಡಿ ಸಾಕಾಗಿತ್ತು. ಅದೇ ಹೊತ್ತಿಗೆ ಧಾರವಾಡದ ಕಮಲಾಬಾಯಿ ಎಂಬ ಡಾಕ್ಟರಬಾಯಿ ತಿಂಗಳ ಬಾಡಿಗೆಗೆ ಒಂದು ಟ್ಯಾಕ್ಸಿ ಹುಡುಕುತ್ತಿದ್ದರು. ಮನೆ ಧಾರವಾಡದಲ್ಲಿ, ಅವರು ನೋಡಿಕೊಳ್ಳುವ ಹೆರಿಗೆ ಆಸ್ಪತ್ರೆ ಹುಬ್ಬಳ್ಳಿಯಲ್ಲಿ. ದಿನಾ ಕರೆದುಕೊಂಡು ಬಂದು ಬಿಡುವುದು, ಸಂಜೆ ತಿರುಗಿ ಒಯ್ಯುವುದು. ನಡುವಿನ ಹೊತ್ತು ದುರ್ಗದಬೈಲಿನ ಸ್ಟ್ಯಾಂಡಿನಲ್ಲಿ ದುಡಿದುಕೊಂಡರೆ ಮನೆ ನಡೆದು ಮೇಲೆ ನಾಲ್ಕು ಕಾಸು ಉಳಿಯುತ್ತದೆ. ಒಂದು ಗಾಡಿ ಬೇಕಿತ್ತು, ಅಷ್ಟೇ.

ಗಾಡಿ ಇದ್ದದ್ದು ಗಂಗಪ್ಪ ಸಾವಕಾರರ ಹತ್ತಿರ. ದುರ್ಗದಬೈಲಿನಲ್ಲಿ ಅವರದು ಹತ್ತಿ ವ್ಯಾಪಾರದ ಪೇಢಿ, ಊರ ಹೊರಗೆ ಅರಳೆಯಿಂದ ಬೀಜ ಬಿಡಿಸುವ ಜಿನ್ನಿಂಗ್ ಫ್ಯಾಕ್ಟರಿ. ಅಂಥವರ ವ್ಯಾಪಾರ ಬಾಯಲ್ಲಿ ನಡೆಯುತ್ತಿರಲಿಲ್ಲ. ಕೊಳ್ಳುವವನೂ ಮಾರುವವನೂ ಎದುರುಬದುರು ನಿಂತು ಕೈ ಹಿಡಿದುಕೊಳ್ಳುವುದು, ಮೇಲೊಂದು ಟವೆಲ್ಲು ಮುಚ್ಚುವುದು, ಒಳಗೆ ಬೆರಳು ಒತ್ತಿ ಒತ್ತಿ ದರ ಕುದುರಿಸುವುದು. ಸುತ್ತ ನಿಂತವರಿಗೆ ಕಾಣುವುದು ಇಬ್ಬರ ಮುಖ ಮಾತ್ರ. ಹತ್ತಿಯಾಗಲಿ, ಎತ್ತಾಗಲಿ, ಹಳೆಯ ಗಾಡಿಯಾಗಲಿ, ಟವೆಲ್ಲಿನ ಕೆಳಗೆ ಆದ ದರವನ್ನು ಯಾರೂ ಬಾಯಿಗೆ ತರಬಾರದು. ತಂದವನ ಕೈಯನ್ನು ಆಮೇಲೆ ಪೇಟೆಯ ಯಾವ ದಲಾಲನೂ ಹಿಡಿಯುವುದಿಲ್ಲ. ಇದು ಯಾವ ಕಾಗದದಲ್ಲೂ ಇರಲಿಲ್ಲ, ಆದರೆ ಕೋರ್ಟಿನ ಮಾತಿಗಿಂತ ಗಟ್ಟಿಯಾಗಿತ್ತು.

ಯುಗಾದಿ ಮುಗಿದ ವಾರ, ಉರಿಬಿಸಿಲು. ನಾನು ಕಾರಿನ ಕೆಳಗೆ ಮಲಗಿ ನೋಡಿದೆ. ಒಂದು ಹನಿ ಎಣ್ಣೆ ಇಲ್ಲ, ಇಂಜಿನ್ ತೊಳೆದಿಟ್ಟ ಪಾತ್ರೆಯ ಹಾಗಿತ್ತು. ಅಷ್ಟು ಹಳೆಯ ಇಂಜಿನ್ ಅಷ್ಟು ಚೊಕ್ಕಟ ಇದ್ದರೆ ಅನುಮಾನ ಪಡಬೇಕು ಎಂಬುದು ಬಸ್ಸಿನವನಾದ ನನಗೆ ಗೊತ್ತಿರಬೇಕಿತ್ತು. ಇಂಜಿನ್ ಎಬ್ಬಿಸಿದೆ, ಅರ್ಧ ತಾಸು ಓಡಿಸಿ ನೋಡೋಣ ಎನ್ನುವಷ್ಟರಲ್ಲಿ ಸಾವಕಾರರು ಗಿರಮಿಟ್ಟು, ಚಹಾ ತರಿಸಿದರು.

"ಉಣ್ಣೋ ತಮ್ಮಾ, ಗಾಡಿ ಎಲ್ಲಿ ಓಡಿಹೋಗತೈತಿ? ನನ್ನ ಮಗನ್ಹಂಗ ಇಟ್ಟೇನಿ ಅದನ್ನ."

ತಿಂದು ಮುಗಿಸುವಾಗ ಯಾರೋ ಇಂಜಿನ್ ಆರಿಸಿದ್ದರು. ಅವರು ಟವೆಲ್ಲು ಹಾಕಿದರು. ಒಳಗೆ ಅರ್ಧ ಗಳಿಗೆ ಬೆರಳು ಜಗ್ಗಾಡಿದವು. ಎರಡು ಸಾವಿರದ ಎರಡುನೂರಕ್ಕೆ ನಿಂತಿತು. ಹಣ ಎಣಿಸಿ ಕೊಟ್ಟೆ, ಅದೂ ಪೇಢಿಯ ಒಳಕೋಣೆಯಲ್ಲಿ. ಹೊರಗೆ ಬಂದು ಸಾವಕಾರರು ನನ್ನ ಹೆಗಲ ಮೇಲೆ ಕೈ ಹಾಕಿ ನಾಲ್ಕು ಮಂದಿಗೆ ಕೇಳಿಸುವ ಹಾಗೆ ಹೇಳಿದರು: "ದುಡದು ತಿನ್ನೂ ಹುಡುಗ. ಎಂಟನೂರಕ್ಕ ಕೊಟ್ಟಬಿಟ್ಟೆ."

ನನಗೆ ದಿಗಿಲಾಯಿತು. ದೊಡ್ಡವರು ಕಡಿಮೆ ದರ ಆಡಿದರೆ ಪೇಟೆ ಅದನ್ನು ಧರ್ಮವೆಂದು ಬಿಟ್ಟುಬಿಡುತ್ತಿತ್ತು, ನಾನು ಮಾತ್ರ ಬಾಯಿ ತೆರೆಯುವ ಹಾಗಿರಲಿಲ್ಲ. ಖರೇ ಹೇಳಬೇಕೆಂದರೆ, ಒಳಗೊಳಗೆ ಖುಷಿಯೂ ಆಯಿತು. "ಈರಣ್ಣ ಸಾವಕಾರ್ರ ಕಡೆಯಿಂದ ಎಂಟನೂರಕ್ಕ ಹೊಡದಾನ" ಎಂದು ಸ್ಟ್ಯಾಂಡಿನವರು ನನ್ನ ಚೌಕಾಶಿಯನ್ನು ಹೊಗಳಿದರು. ನಾನು ಅಲ್ಲಗಳೆಯದೆ ಮೀಸೆ ತಿರುವಿದೆ. ನನ್ನ ಜಂಬಕ್ಕೇ ಅವರು ಗಾಳ ಹಾಕಿದ್ದರು ಎಂದು ತಿಳಿಯಲು ಒಂದು ತಿಂಗಳು ಹಿಡಿಯಿತು.

ಒಂಬತ್ತು ದಿನ ಗಾಡಿ ಹೂವಿನ ಹಾಗೆ ಓಡಿತು. ಹತ್ತನೆಯ ದಿನ ಡಾಕ್ಟರಬಾಯಿಯ ಅಂಗಳದ ಕಲ್ಲಿನ ಮೇಲೆ ನಾಣ್ಯದಷ್ಟು ಕಪ್ಪು ಕಲೆ. ಮರುದಿನ ತಟ್ಟೆಯಷ್ಟು. ಇಂಜಿನ್ನಿನ ಮುಂಭಾಗದಲ್ಲಿ ಬೆಲ್ಟನ್ನು ತಿರುಗಿಸುವ ಪುಲ್ಲಿ ಇರುತ್ತದಲ್ಲ, ಅದರ ಹಿಂದಿನಿಂದ ಎಣ್ಣೆ ಜಿನುಗಿ, ಫ್ಯಾನಿನ ಗಾಳಿಗೆ ಸಿಕ್ಕು ಇಡೀ ಬಾನೆಟ್ಟಿನ ಒಳಗೆ ಸಿಡಿಯುತ್ತಿತ್ತು. ಬೆಲ್ಟು ಜಾರುತ್ತಿತ್ತು, ನೀರು ಕುದಿಯುತ್ತಿತ್ತು. ದಿನಕ್ಕೆ ಒಂದು ಡಬ್ಬಿ ಎಣ್ಣೆ ಸುರಿಯುವುದು ನನ್ನ ಕೆಲಸವಾಯಿತು. ಒಂದು ಸಂಜೆ ನವಲೂರಿನ ಏರಿನಲ್ಲಿ ಇಂಜಿನ್ ಒಳಗಿನಿಂದ ಟಕಟಕ ಎಂದಿತು. ಎಣ್ಣೆ ತಳ ಕಂಡಿತ್ತು. ಇಳಿದು, ಹಿಂದೆ ಇಟ್ಟಿದ್ದ ಎಣ್ಣೆಯ ಡಬ್ಬಿ ತೆಗೆದು ಸುರಿದೆ. ಮನೆ ಮುಟ್ಟಿ ಇಳಿದ ಮೇಲೆ ಡಾಕ್ಟರಬಾಯಿ ಹೇಳಿದರು:

"ಈರಣ್ಣಾ, ನಿಮ್ಮ ಗಾಡಿ ದಿನಾ ನಮ್ಮ ಅಂಗಳಕ್ಕ ಕರೀ ಬೊಟ್ಟ ಇಟ್ಟ ಹೋಗತದ. ಅದು ಹೋಗಲಿ. ಅಲ್ಲೆ ಒಬ್ಬಾಕಿ ಬ್ಯಾನಿ ತಿನ್ಕೋತ ಮಲಗಿರತಾಳ, ನಾ ಇಲ್ಲೆ ನವಲೂರಾಗ ನಿಂತ್ರ ಹ್ಯಾಂಗ? ನಾಳಿಂದ ಐದು ದಿನ ಬೆಳಗಾವಿಗೆ ಅಕ್ಕನ ಮನಿಗೆ ಹೊಂಟೇನಿ. ತಿರುಗಿ ಬರೂದ್ರಾಗ ಇದು ನಿಂತಿರಬೇಕು. ಇಲ್ಲಂದ್ರ ಬ್ಯಾರೆ ಗಾಡಿ ನೋಡ್ಕೋತೀನಿ. ಸಿಟ್ಟಾಗಬ್ಯಾಡ್ರಿ."

ಮರುದಿನ ಬೆಳಿಗ್ಗೆ ಸ್ಟ್ಯಾಂಡಿನಲ್ಲಿ ಬಾನೆಟ್ ಎತ್ತಿಕೊಂಡು ನಿಂತಿದ್ದಾಗ ಗಂಗಪ್ಪ ಸಾವಕಾರರು ಪೇಢಿಯ ಮೆಟ್ಟಿಲು ಇಳಿದು ಬಂದರು. ಕೆಳಗಿನ ಕಲೆ ನೋಡಿ ನಾಲಿಗೆ ಲೊಚಗುಟ್ಟಿದರು.

"ಹಳೀ ಗಾಡಿ ನೋಡಪಾ, ಎಲ್ಲಾರ ಕೈಗೂ ಒಗ್ಗೂದಿಲ್ಲ. ನಿನಗ ಲುಕ್ಸಾನ ಆಗೂದು ಬ್ಯಾಡ. ಎಂಟನೂರಕ್ಕ ಕೊಟ್ಟಿದ್ದೆ, ಏಳನೂರಕ್ಕ ತಿರುಗಿ ತೊಗೋತೇನಿ. ತಿಂಗಳ ಓಡಿಸಿದ್ದಕ್ಕ ನೂರು ರೂಪಾಯಿ ಹೋತು ಅಂತ ತಿಳಕೋ."

ಸುತ್ತ ನಿಂತವರು ತಲೆದೂಗಿದರು. ಎಂಥ ದೊಡ್ಡ ಮನಸ್ಸು ಎಂದು ಒಬ್ಬ ನನಗೇ ಹೇಳಿದ. ಆಗ ತಿಳಿಯಿತು, ಎಂಟನೂರು ಎಂದು ಅವತ್ತು ಯಾಕೆ ಕೂಗಿ ಹೇಳಿದ್ದರೆಂದು. ಎರಡು ಸಾವಿರದ ಎರಡುನೂರಕ್ಕೆ ಮಾರಿ ಏಳನೂರಕ್ಕೆ ಕೊಂಡರೂ ಅವರೇ ಧರ್ಮಾತ್ಮರು. ನಾನು ಬಾಯಿ ಬಿಟ್ಟರೆ ಟವೆಲ್ಲಿನ ಮಾನ ಕಳೆದವನು. ಕೈ ಮುಗಿದು, "ವಿಚಾರ ಮಾಡತೇನ್ರಿ ಸಾವಕಾರ್ರ" ಎಂದೆ. ಸಿಟ್ಟನ್ನು ಕೂಡಲೇ ತೋರಿಸಿದರೆ ಅದರ ದರ ಇಳಿದುಬಿಡುತ್ತದೆ.

ಹಳೇ ಹುಬ್ಬಳ್ಳಿಯ ಮೌಲಾಸಾಬನದು ಒಂದು ಲೇಥು, ಒಂದು ಮಾವಿನ ಗಿಡದ ನೆರಳು, ಅಷ್ಟೇ ಗ್ಯಾರೇಜು. ಗಾಡಿಯನ್ನು ಅಲ್ಲಿಗೆ ತಳ್ಳಿಸಿಕೊಂಡು ಹೋದೆ. ರೇಡಿಯೇಟರ್ ಕಳಚಿದೆವು, ಹ್ಯಾಂಡಲ್ ಸಿಕ್ಕಿಸುವ ದೊಡ್ಡ ನಟ್ಟು ಬಿಚ್ಚಿದೆವು, ಪುಲ್ಲಿ ಎಳೆದೆವು, ಅದರ ಹಿಂದಿನ ತಗಡಿನ ಮುಚ್ಚಳ ತೆಗೆದೆವು. ಪುಲ್ಲಿಯ ಕತ್ತು ಈ ಮುಚ್ಚಳದ ತೂತಿನಿಂದ ಹೊರಗೆ ಬರುತ್ತದೆ. ಸುತ್ತಲೂ ಉಣ್ಣೆಯ ಬಳೆಯೊಂದು ಬಿಗಿದಿದ್ದು ಎಣ್ಣೆಯನ್ನು ತಡೆಯಬೇಕು. ನಾನು ಬೆರಳು ಹಾಕಿ ಅದನ್ನು ಎಳೆದೆ. ಬಂದದ್ದು ಉಣ್ಣೆಯಲ್ಲ. ಹತ್ತಿಯ ಜಡೆ. ಹೊಸದು. ಜೊತೆಗೆ ಕೆಂಪು, ಹಸಿರು ಎರಡೆಳೆಯ ದಾರ ಹೆಣೆದಿತ್ತು. ಪೇಟೆಯಲ್ಲಿ ಕಣ್ಣಿದ್ದವರಿಗೆಲ್ಲ ಆ ದಾರ ಗೊತ್ತು: ಗಂಗಪ್ಪ ಸಾವಕಾರರ ಅರಳೆ ತುಂಬಿದ ಅಂಡಿಗೆಗಳನ್ನು ಹೊಲಿಯುವುದು ಅದರಿಂದಲೇ.

ಹತ್ತಿ ಎಣ್ಣೆಯನ್ನು ಒಂಬತ್ತು ದಿನ ಕುಡಿಯುತ್ತದೆ, ಹತ್ತನೆಯ ದಿನ ದೀಪದ ಬತ್ತಿಯ ಹಾಗೆ ತಾನೇ ಹೊರಗೆ ಎಳೆದು ಚೆಲ್ಲುತ್ತದೆ. ಹತ್ತಿಯ ಊರಿನವರಿಗೆ ಎಲ್ಲಕ್ಕೂ ಹತ್ತಿಯೇ ಮದ್ದು ಎಂದು ಯಾರಾದರೂ ತಿಳಿಯದೆ ಮಾಡಿರಬಹುದು ಎಂದೆ. ಮೌಲಾಸಾಬ ನಕ್ಕ.

"ತಿಳೀದನ? ಈರಣ್ಣ ಭಾಯ್, ಈ ಪುಲ್ಲಿ ಕತ್ತು ನನಗ ಪರಿಚಯದ್ದು. ಎರಡು ವರ್ಷದ ಹಿಂದ ಸಾವಕಾರ್ರಿಗೆ ಹೇಳಿದ್ದೆ, ಕತ್ತು ಸವದೈತ್ರಿ, ಆರು ರೂಪಾಯಿ ಕೊಡ್ರಿ, ಬುಶ್ ಹಾಕ್ತೇನಿ ಅಂತ. ಏನಂದ್ರು ಗೊತ್ತೈತೇನು? ಸೋರಲಿ ಬಿಡೋ ಸಾಬಾ, ಅದು ಸೋರೂದಕ್ಕ ತಿರುಗಿ ಮನಿಗೆ ಬರತೈತಿ ಅಂದ್ರು. ನಿನ್ನಕಿಂತ ಮೊದಲ ಇಬ್ಬರಿಗೆ ಮಾರಿ ತಿರುಗಿ ತೊಗೊಂಡಾರ."

"ನನಗ ಯಾಕ ಹೇಳಲಿಲ್ಲ ನೀ?"

"ನೀ ಕೇಳಿದ್ದೇನು? ಗಾಡಿ ತೊಗೊಂಡ ಮ್ಯಾಲ ಪೇಢೆ ಹಂಚಾಕ ಬಂದಿದ್ದಿ."

ಆ ಜಡೆಯನ್ನು ಕಾಗದದಲ್ಲಿ ಸುತ್ತಿ ನನ್ನ ಊಟದ ಡಬ್ಬಿಯಲ್ಲಿ ಇಟ್ಟುಕೊಂಡೆ. ಆಮೇಲೆ ಕೆಲಸ ಸುರುವಾಯಿತು. ಸವೆದು ಕೊರಕಲು ಬಿದ್ದ ಕತ್ತನ್ನು ಮೌಲಾಸಾಬ ಲೇಥಿಗೆ ಕೊಟ್ಟು ಸಣ್ಣ ಮಾಡಿ, ಉಕ್ಕಿನ ಬುಶ್ ತೊಡಿಸಿ ನುಣುಪು ಮಾಡಿದ. ಒಳಗೆ ಬೋಗುಣಿಯ ಆಕಾರದ ಒಂದು ತಗಡಿನ ಬಿಲ್ಲೆ ಇರುತ್ತದೆ. ತಿರುಗುತ್ತ ಎಣ್ಣೆಯನ್ನು ಹಿಂದಕ್ಕೆ ಎಸೆಯುವುದು ಅದರ ಕೆಲಸ. ಬೋಗುಣಿಯ ಬಾಯಿ ರೇಡಿಯೇಟರ್ ಕಡೆ ಇರಬೇಕು, ಇಲ್ಲಿ ಇಂಜಿನ್ ಕಡೆ ಇತ್ತು. ತಿರುಗಿಸಿ ಹಾಕಿದೆವು. ಟಾಂಗಾ ಸ್ಟ್ಯಾಂಡಿನಿಂದ ನಮದಾ ತಂದು ಬಳೆ ಕತ್ತರಿಸಿದೆವು. ಪೆನ್ಸಿಲ್ಲಿನ ಕಡ್ಡಿಗಳನ್ನು ಕುಟ್ಟಿ ಪುಡಿ ಮಾಡಿ, ಬಿಸಿ ಜಿಡ್ಡಿನಲ್ಲಿ ಬೆರೆಸಿ, ಅದರಲ್ಲಿ ಬಳೆಯನ್ನು ಒಂದು ರಾತ್ರಿ ನೆನೆಹಾಕಬೇಕು ಎಂದ ಮೌಲಾಸಾಬ. ಆ ಜಿಡ್ಡು ಯಾವುದೆಂದು ನಾನು ಕೇಳಲಿಲ್ಲ. ಕೊರಳಲ್ಲಿ ಲಿಂಗ ಇದ್ದ ನನಗೆ ಅವನೂ ಹೇಳಲಿಲ್ಲ.

ಮೂರನೆಯ ದಿನ ಎಲ್ಲ ಜೋಡಿಸಿ ಧಾರವಾಡದ ದಾರಿ ಹಿಡಿದೆ. ಉಣಕಲ್ಲಿನ ಕೆರೆ ದಾಟಿದೆ, ಇಂಜಿನ್ನಿನ ಕೆಳಗೆ ಒಣಗಿತ್ತು. ಅಮರಗೋಳ ದಾಟಿದೆ, ಒಣಗಿತ್ತು. ನವಲೂರಿನ ಏರಿನಲ್ಲಿ ಅದೇ ವಾಸನೆ. ಇಳಿದು ನೋಡಿದರೆ ಹೊಸ ಉಣ್ಣೆಯನ್ನೂ ಒತ್ತಿಕೊಂಡು ಎಣ್ಣೆ ಬಂದಿದೆ. ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತೆ. ಏಳನೂರು ಬಂದರೆ ಸಾಕು, ಮತ್ತೆ ಬಸ್ಸಿಗೆ ಹೋಗೋಣ ಎಂದು ಒಂದು ಗಳಿಗೆ ಅನ್ನಿಸಿದ್ದು ಸುಳ್ಳಲ್ಲ. ಮೊದಲಿನ ಇಬ್ಬರೂ ಸೋತದ್ದು ಹೀಗೇ ಇರಬೇಕು. ಸಾವಕಾರರ ಆ ಲೊಚಗುಟ್ಟುವ ಸಪ್ಪಳ ಕಿವಿಯಲ್ಲಿ ಇರದಿದ್ದರೆ ನಾನೂ ಸೋಲುತ್ತಿದ್ದೆ.

ತಿರುಗಿ ಹೋದೆ. ಮೌಲಾಸಾಬ ಬಯ್ಯಲಿಲ್ಲ. ಇಂಜಿನ್ ಓಡುತ್ತಿದ್ದಾಗಲೇ ಎಣ್ಣೆ ಹಾಕುವ ಬಾಯಿಯ ಮುಚ್ಚಳ ತೆಗೆದ. ಭುಸ್ಸೆಂದು ಹೊಗೆ ಅವನ ಮುಖಕ್ಕೆ ಹೊಡೆಯಿತು. "ಇದಕ್ಕ ಉಸರ ಕಟ್ಟೈತಿ" ಎಂದ.

ಇಂಜಿನ್ನಿಗೂ ಉಸಿರಾಡಲು ಒಂದು ಕೊಳವೆ ಇರುತ್ತದೆ, ಅದರ ಬಾಯಿಗೆ ತಂತಿಯ ಜಾಳಿಗೆ. ಬಿಚ್ಚಿದೆವು. ಜಾಳಿಗೆ ಕಾಣಲೇ ಇಲ್ಲ. ಹತ್ತಿಯ ಎಳೆ, ಧೂಳು, ಎಣ್ಣೆ ಕೂಡಿ ರೊಟ್ಟಿಯ ಹಾಗೆ ಗಟ್ಟಿಯಾಗಿ ಕೂತಿತ್ತು. ವರ್ಷಗಟ್ಟಲೆ ಈ ಕಾರು ನಿಂತದ್ದು ಸಾವಕಾರರ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ, ಅಲ್ಲಿ ಬೇಸಿಗೆಯಲ್ಲಿ ಗಾಳಿಯೆಂದರೆ ಅರಳೆಯೇ. ಉಸಿರು ಹೊರಗೆ ಹೋಗಲು ದಾರಿ ಇಲ್ಲದೆ ಒಳಗಿನ ಒತ್ತಡ ಎಣ್ಣೆಯನ್ನು ಮುಂದಿನಿಂದ ದೂಡುತ್ತಿತ್ತು. ಜಾಳಿಗೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ತಿಕ್ಕಿ ತೊಳೆದೆವು. ಹೊಸ ಬಳೆ ಕತ್ತರಿಸಿದೆವು. ಈ ಸಲ ಮೌಲಾಸಾಬ ಇನ್ನೊಂದು ತಿದ್ದಿದ: ಮುಚ್ಚಳದ ಬೋಲ್ಟುಗಳನ್ನು ಸಡಿಲ ಬಿಟ್ಟು, ಮೊದಲು ಪುಲ್ಲಿ ಕೂಡಿಸಿ, ಅದು ನಟ್ಟನಡುವೆ ಬಂದ ಮೇಲೆ ಬೋಲ್ಟು ಬಿಗಿದ. ಐದನೆಯ ದಿನ ಧಾರವಾಡಕ್ಕೆ ಎರಡು ಸಲ ಹೋಗಿ ಬಂದೆ. ಕೆಳಗೆ ಮಲಗಿ ಬೆರಳಿನಿಂದ ಸವರಿದೆ. ಬೆರಳು ಒಣಗಿತ್ತು. ಅವತ್ತು ಸಂಜೆ ಮೊದಲ ಅಡ್ಡಮಳೆ ಬಿತ್ತು. ಮಾವಿನ ಗಿಡದ ಕೆಳಗೆ ನಾವಿಬ್ಬರೂ ತೊಯ್ದು ತಪ್ಪಡಿಯಾಗಿ ಮಿರ್ಚಿ ತಿಂದೆವು.

ಡಾಕ್ಟರಬಾಯಿ ಬೆಳಗಾವಿಯಿಂದ ಬಂದು ನಾಲ್ಕು ದಿನ ಅಂಗಳ ನೋಡಿದರು, ಐದನೆಯ ದಿನ ವರ್ಷದ ಬಾಡಿಗೆ ಗಟ್ಟಿ ಮಾಡಿದರು. ಬುದ್ಧಿ ಇದ್ದವನು ಅಲ್ಲಿಗೆ ಬಿಡುತ್ತಿದ್ದ. ನನಗೂ ಬುದ್ಧಿ ಇತ್ತು, ಆದರೆ ಡಬ್ಬಿಯಲ್ಲಿ ಆ ಜಡೆಯೂ ಇತ್ತು.

ಒಂದು ತಗಡಿನ ಡಬ್ಬಿಗೆ ಮೊಳೆಯಿಂದ ತೂತು ಹೊಡೆದು, ಸುಟ್ಟ ಎಣ್ಣೆ ತುಂಬಿ, ಇಂಜಿನ್ನಿನ ಕೆಳಗೆ ತಂತಿಯಿಂದ ಕಟ್ಟಿದೆ. ಧಾರವಾಡದಲ್ಲಿ ಅದರ ತೂತಿಗೆ ಬೆಂಕಿಕಡ್ಡಿ. ದುರ್ಗದಬೈಲಿನ ಸ್ಟ್ಯಾಂಡಿಗೆ ಬಂದ ಕೂಡಲೇ ಕಡ್ಡಿ ತೆಗೆಯುವುದು. ಟಪ್, ಟಪ್. ಸಾವಕಾರರು ದಿನಾ ಪೇಢಿಯ ಕಟ್ಟೆಯ ಮೇಲೆ ನಿಂತು ಆ ಕಲೆಯನ್ನು ನೋಡುತ್ತಿದ್ದರು, ಹೊಲದವನು ಮೋಡ ನೋಡಿದ ಹಾಗೆ.

"ಇನ್ನೂ ಹಟಾನ ಏನೋ ಈರ್ಯಾ?"

"ಏನ್ ಮಾಡ್ಲಿರಿ, ಎಣ್ಣಿಗೇ ದುಡದಂಗಾಗೇತಿ."

"ತಡಾ ಮಾಡಿದಷ್ಟು ದರ ಇಳೀತೈತಿ ನೋಡು. ಈಗ ಆರನೂರು."

ಈ ನಡುವೆ ಗದಗಿನ ಒಬ್ಬ ರಸ್ತೆ ಕಾಂಟ್ರ್ಯಾಕ್ಟರ್ ಎರಡು ಸಲ ಪೇಢಿಗೆ ಬಂದು ಕೂತದ್ದನ್ನು ಕಂಡೆ. ಗದಗ ಲೈನಿನಲ್ಲಿ ಏಳು ವರ್ಷ ಇದ್ದವನಿಗೆ ಅವನ ಪರಿಚಯ ಇರದೆ ಇರುತ್ತದೆಯೇ? ಚಹಾ ಕುಡಿಸಿದೆ. ತನಗೊಂದು ಹಳೆಯ ಕಾರು ಸಿಗಲಿದೆ, ಸೋಮವಾರ ಒಯ್ಯುತ್ತೇನೆ, ಮುಂಗಡವನ್ನೂ ಕೊಟ್ಟಾಗಿದೆ ಎಂದ. ಯಾವ ಕಾರು ಎಂದು ನಾನು ಕೇಳಲಿಲ್ಲ. ಸಾವಕಾರರ ಹತ್ತಿರ ಹೋಗಿ, ತಲೆ ತಗ್ಗಿಸಿ, "ಸೋಮವಾರ ಕೊಟ್ಟಬಿಡತೇನ್ರಿ" ಎಂದೆ.

ಸೋಮವಾರ ಹತ್ತು ಗಂಟೆ, ದುರ್ಗದಬೈಲು ತುಂಬಿ ಸೂಸುವ ಹೊತ್ತು. ಬೆಳಿಗ್ಗೆಯೇ ಡಬ್ಬಿ ಕಿತ್ತು ಒಗೆದು ಇಂಜಿನ್ ಒರೆಸಿದ್ದೆ. ಸಾವಕಾರರು ಟವೆಲ್ಲು ಹಿಡಿದು ಬಂದರು, ಕೈ ಹಿಡಿದರು, ಮುಚ್ಚಿದರು. ಒಳಗೆ ಆರು ಬೆರಳಿನ ಲೆಕ್ಕ ಒತ್ತಿದರು. ನಾನು ಟವೆಲ್ಲನ್ನು ಎಡಗೈಯಿಂದ ಮೆಲ್ಲಗೆ ಎತ್ತಿದೆ.

"ಆರನೂರು ಅಂತಾರ ಸಾವಕಾರ್ರು" ಎಂದೆ, ಆಚೆಯ ಅಂಗಡಿಯವರಿಗೂ ಕೇಳಿಸುವಷ್ಟು.

ಹತ್ತಿರದ ದಲಾಲರು ಇತ್ತ ತಿರುಗಿದರು. ಸಾವಕಾರರ ಕೈ ನನ್ನ ಕೈಯಲ್ಲೇ ಇತ್ತು. ಅದನ್ನು ಕಿತ್ತುಕೊಂಡ ರಭಸಕ್ಕೆ ಟವೆಲ್ಲು ನೆಲಕ್ಕೆ ಬಿತ್ತು.

"ಬಾಯಿ ಮುಚ್ಚೋ. ತಲಿ ತಿರಗೇತೇನು?"

"ಸೋರತೈತಿ ಅಂತ ಆರನೂರು, ಹೌದಲ್ರಿ? ನೋಡೋಣು ನಡೀರಿ."

ಕಾರಿನಲ್ಲಿ ನನ್ನ ಮದುವೆಯ ಧೋತರ ಇತ್ತು. ಇಂಜಿನ್ನಿನ ಕೆಳಗೆ ಹಾಸಿದೆ. ಹ್ಯಾಂಡಲ್ ಹೊಡೆದು ಇಂಜಿನ್ ಎಬ್ಬಿಸಿದೆ. ಮಂದಿ ಸೇರಿತು. ಎರಡು ಚಹಾ ಕುಡಿಯುವಷ್ಟು ಹೊತ್ತು ಅದು ಓಡಿತು, ಬಿಸಿಲು ಏರಿತು, ಧೋತರ ಬೆಳ್ಳಗೇ ಇತ್ತು. ಪೇಢಿಯಲ್ಲಿ ಕೂತಿದ್ದ ಗದಗಿನ ಕಾಂಟ್ರ್ಯಾಕ್ಟರನೂ ಇಳಿದು ಬಂದು ಬಗ್ಗಿ ನೋಡಿದ. ಊಟದ ಡಬ್ಬಿ ತೆಗೆದು, ಹತ್ತಿಯ ಜಡೆಯನ್ನು ಧೋತರದ ಮೇಲೆ ಇಟ್ಟೆ. ಬಿಳುಪಿನ ಮೇಲೆ ಕೆಂಪು, ಹಸಿರು ದಾರ ಎದ್ದು ಕಂಡಿತು, ಯಾರದೆಂದು ಯಾರೂ ಹೇಳಬೇಕಾಗಿರಲಿಲ್ಲ.

"ಇದನ್ನ ಒಳಗ ತುರಕಿ ನನಗ ಕೊಟ್ಟಿದ್ರಿ. ಎಂಟನೂರಕ್ಕಲ್ಲ. ಎರಡು ಸಾವಿರದ ಎರಡನೂರಕ್ಕ."

"ಸುಳ್ಳು" ಎಂದರು ಸಾವಕಾರರು. "ಎಂಟನೂರರ ಗಾಡಿ. ಊರಿಗೇ ಗೊತ್ತೈತಿ."

ಆಗ ಕಾಂಟ್ರ್ಯಾಕ್ಟರ್ ನೆಟ್ಟಗೆ ನಿಂತ. ಅವನಿಗೆ ಹುಬ್ಬಳ್ಳಿಯ ಟವೆಲ್ಲಿನ ಕಟ್ಟು ಇರಲಿಲ್ಲ. "ಎಂಟನೂರರ ಗಾಡೀ ಏನ್ರಿ ಇದು? ನನಗ ಎರಡೂವರಿ ಸಾವಿರ ಅಂದೀರಲ್ಲ. ನನ್ನ ಮುಂಗಡ ತಿರುಗಿ ಕೊಡ್ರಿ ಮೊದಲ."

ಯಾರೋ ಹಿಂದಿನಿಂದ ನಕ್ಕರು. ಆ ನಗು ಒಬ್ಬರಿಂದ ಒಬ್ಬರಿಗೆ ದಾಟಿತು. ಸಾವಕಾರರು ನನ್ನ ಕಡೆ ನೋಡಲಿಲ್ಲ, ಜಡೆಯ ಕಡೆ ನೋಡುತ್ತ ನಿಂತರು. ಆ ಮುಖವನ್ನು ನಾನು ಅರವತ್ತು ವರ್ಷ ಇಟ್ಟುಕೊಂಡಿದ್ದೇನೆ. ಬೇಜಾರಾದಾಗ ಈಗಲೂ ತೆಗೆದು ನೋಡುತ್ತೇನೆ.

ದಲಾಲರಲ್ಲಿ ಹಿರಿಯರು ರುದ್ರಪ್ಪನವರು. ಅವರ ಮಾತನ್ನು ಪೇಟೆ ಮೀರುತ್ತಿರಲಿಲ್ಲ. ಮುಂದೆ ಬಂದು ನೆಲಕ್ಕೆ ಬಿದ್ದಿದ್ದ ಸಾವಕಾರರ ಟವೆಲ್ಲನ್ನು ಎತ್ತಿ, ಝಾಡಿಸಿ, ಮಡಚಿ ತಮ್ಮ ಹೆಗಲ ಮೇಲೆ ಹಾಕಿಕೊಂಡರು.

"ಗಂಗಪ್ಪಾ, ಇವತ್ತಿನಿಂದ ನಿನ್ನ ಕೈ ಯಾರೂ ಹಿಡಿಯೂದಿಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ಈರಣ್ಣಾ, ನಿನ್ನ ಕೈನೂ ಹಿಡಿಯೂದಿಲ್ಲ. ನೀ ಖರೇನ ಹೇಳಿದಿ. ಆದರ ಬಟ್ಟಿ ಕೆಳಗಿಂದು ಹೇಳಿದಿ."

ನಾನು ಹೇಳಿದ ಆ ಇನ್ನೊಂದು ಖರ್ಚು ಇದೇ. ಚೌಕಾಶಿಯಲ್ಲೇ ಹೆಸರು ಮಾಡಿದ ನನ್ನ ಕೈಯನ್ನು ಆ ಪೇಟೆ ಮತ್ತೆಂದೂ ಟವೆಲ್ಲಿನ ಒಳಗೆ ಬಿಟ್ಟುಕೊಳ್ಳಲಿಲ್ಲ. ಆದರೆ ಲೆಕ್ಕ ನೋಡಿ: ನನಗೆ ಹೋದದ್ದು ಒಂದು ಹವ್ಯಾಸ, ಅವರಿಗೆ ಹೋದದ್ದು ಇಡೀ ಬದುಕು. ಮುಂದಿನ ಹತ್ತಿಯ ಸುಗ್ಗಿಯಲ್ಲಿ ಅವರ ಪೇಢಿಗೆ ಒಂದು ಅಂಡಿಗೆಯೂ ಬರಲಿಲ್ಲ. ನಾನು ದಿನಾ ಅದರ ಎದುರಿಗೇ ಕಾರು ನಿಲ್ಲಿಸಿ, ಕೆಳಗೆ ಧೋತರ ಹಾಸಿ, ಚಹಾ ಕುಡಿಯುತ್ತಿದ್ದೆ. ಒಂದು ದಿನ ಡಾಕ್ಟರಬಾಯಿ ಅಲ್ಲಿಂದಲೇ ಹತ್ತಬೇಕಾಗಿ ಬಂದು ಕೇಳಿದರು: "ಎಣ್ಣಿ ನಿಂತು ಎಷ್ಟೋ ತಿಂಗಳಾತು. ಇನ್ನೂ ಯಾಕ ಹಾಸ್ತೀರಿ ಇದನ್ನ?"

"ಅವರಿಗೆ ಕಾಣ್ಲಿ ಅಂತ್ರಿ ಬಾಯಾರ."

ಅವರು ಪೇಢಿಯ ಕಡೆ ನೋಡಿದರು, ನನ್ನ ಕಡೆ ನೋಡಿದರು. "ಹಂಗಾರ ಪೂರ್ತಿ ನಿಂತಿಲ್ಲ ಅನ್ರಿ" ಎಂದು ಕಾರು ಹತ್ತಿ ಪೇಪರ್ ಬಿಡಿಸಿದರು. ಆದರೂ ಪೇಢಿಗೆ ಬೀಗ ಬೀಳುವ ತನಕ ನಾನು ಹಾಸುವುದನ್ನು ಬಿಡಲಿಲ್ಲ.

ಎರಡು ವರ್ಷದ ಮೇಲೆ ಅದೇ ಸಾಲಿನಲ್ಲಿ ಮೋಟಾರು ಸಾಮಾನಿನ ಅಂಗಡಿ ಇಟ್ಟೆ. ಕೈ ಹಿಡಿಯುವವರಿಲ್ಲದ್ದಕ್ಕೆ ಪ್ರತಿ ಸಾಮಾನಿನ ದರವನ್ನೂ ಸುಣ್ಣದ ಕಡ್ಡಿಯಿಂದ ಹಲಗೆಯ ಮೇಲೆ ಬರೆದೆ. ಹಳ್ಳಿಯ ಡ್ರೈವರುಗಳಿಗೆ ಅದೇ ಹಿಡಿಸಿತು. ಮುಂದಿನ ಮನೆ, ಮಠ ಎಲ್ಲ ಆ ಹಲಗೆಯಿಂದ ಆಯಿತು.

ಬೈರಿದೇವರಕೊಪ್ಪದವರನ್ನು ಅವತ್ತು ಕೇಳಿದೆ, "ಎಷ್ಟಕ್ಕ ತೊಗೊಂಡ್ರಿ ಇದನ್ನ?" ಅವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. ಆಗಲೇ ನನಗೆ ಅರ್ಧ ರೋಗ ತಿಳಿಯಿತು.

ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಹಳೆಯ ಗಾಡಿ ಕೊಳ್ಳುವಾಗ ತೊಳೆದ ಇಂಜಿನ್ ಕಂಡರೆ ಖುಷಿಪಡಬೇಡಿ, ಯಾಕೆ ತೊಳೆದರು ಎಂದು ಕೇಳಿ. ಇಂಜಿನ್ ಬಿಸಿಯಾಗಿ ಅರ್ಧ ತಾಸು ಆಗುವ ತನಕ ಅವರ ಮನೆಯ ಚಹಾ ಮುಟ್ಟಬೇಡಿ. ಓಡುವಾಗಲೇ ಎಣ್ಣೆಯ ಬಾಯಿ ತೆಗೆದು ನೋಡಿ. ಹೊಗೆ ಭುಸುಗುಟ್ಟಿದರೆ ಮೊದಲು ಉಸಿರಿನ ಕೊಳವೆ ತೊಳೆಯಿರಿ, ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಮುಗಿಯದಿದ್ದರೆ ಪುಲ್ಲಿ ಕಳಚಿ ಅದರ ಕತ್ತಿಗೆ ಉಗುರು ಸವರಿ. ಉಗುರು ಸಿಕ್ಕಿಕೊಂಡರೆ ಯಾವ ಹೊಸ ಬಳೆ ಹಾಕಿದರೂ ದಂಡ, ಬುಶ್ ಹಾಕಿಸಿ. ಬೋಗುಣಿ ಬಿಲ್ಲೆಯ ಬಾಯಿ ರೇಡಿಯೇಟರ್ ಕಡೆಗೆ. ಉಣ್ಣೆಯ ಬದಲು ಹತ್ತಿಯನ್ನು ಯಾವ ಕಾರಣಕ್ಕೂ ತುರುಕಬೇಡಿ. ಪುಲ್ಲಿ ಕೂತ ಮೇಲೆ ಮುಚ್ಚಳ ಬಿಗಿಯಿರಿ, ಮೊದಲಲ್ಲ. ದರವನ್ನು ನಾಲ್ಕು ಮಂದಿಯ ಎದುರಿಗೆ ಬಾಯಿಬಿಟ್ಟು ಆಡಿ, ಕಾಗದದ ಮೇಲೆ ಬರೆಸಿಕೊಳ್ಳಿ. ಒಳಗಿನಿಂದ ತೆಗೆದ ಹಳೆಯ ಸಾಮಾನನ್ನು ಒಗೆಯಬೇಡಿ, ಯಾರ ಕೈಕೆಲಸವೆಂದು ಅದೇ ಹೇಳುತ್ತದೆ. ಎಲ್ಲ ಮುಗಿದ ಮೇಲೆ ಇಂಜಿನ್ನಿನ ಕೆಳಗೆ ಒಂದು ಬಿಳಿ ಬಟ್ಟೆ ಹಾಸಿಟ್ಟು ಮನೆಗೆ ಹೋಗಿ ಮಲಗಿ. ಬೆಳಿಗ್ಗೆ ಅದು ಬೆಳ್ಳಗಿದ್ದರೆ ಮಡಚಿ ಒಳಗೆ ಇಡಿ. ಮಾರಿದವನ ಅಂಗಡಿಯ ಎದುರಿಗೆ ಹಾಸಲು ಬೇಕಾಗುತ್ತದೆ.